ಕಾಸಿಗೆ ತಕ್ಕ ಕಜ್ಜಾಯವಂತೆ!

"ಕಾಸಿಗೆ ತಕ್ಕ ಕಜ್ಜಾಯ" ಅಂತ ಗಾದೆ ಹೇಳುವವರನ್ನು ಕಂಡರೆ ನನಗೆ ಈಗೀಗ ಮೈ ಉರಿಯುತ್ತೆ. ಅದಕ್ಕಿಂತ ಜಾಸ್ತಿ ಉರಿಯೋದು, 60 ಡಾಲರಿನ ಮಾಲು ತರಿಸಿಕೊಂಡು ಡಬ್ಬ ಒಡೆದ ವಾರವೇ "ಸೂಪರ್, ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಅಂತ ಐದು ಸ್ಟಾರ್ ಒತ್ತಿ ಬರುವವರನ್ನು ಕಂಡರೆ. ಮೊದಲನೆಯವರು ಬೆಲೆ ಚೀಟಿ ನೋಡಿ ತೀರ್ಪು ಕೊಡ್ತಾರೆ. ಎರಡನೆಯವರು ಡಬ್ಬ ನೋಡಿ ತೀರ್ಪು ಕೊಡ್ತಾರೆ. ಡಬ್ಬದೊಳಗಿನ ವಸ್ತು ಏನು ಮಾಡುತ್ತೆ ಅಂತ ಇಬ್ಬರಿಗೂ ಗೊತ್ತಿಲ್ಲ. ಈ ಎರಡನೆಯ ಗುಂಪಿನಲ್ಲಿ ನಾನೂ ಇದ್ದೆ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಹಾಗಾಗಿ ಇಲ್ಲಿರುವ ಬೈಗುಳದಲ್ಲಿ ಅರ್ಧ ಪಾಲು ನನಗೇ ಸೇರಬೇಕು.

ವಸ್ತು ಯಾವುದು ಅಂದ್ರೆ, ರೈಫಲ್ ಸ್ಕೋಪ್. ಬಂದೂಕಿನ ನೆತ್ತಿ ಮೇಲೆ ಕೂರಿಸುವ ದುರ್ಬೀನು. ಒಳಗೆ ಒಂದು ಕೂಡು ಗೆರೆ ಇರುತ್ತೆ. ಗೆರೆಗಳು ಕೂಡುವ ಜಾಗಕ್ಕೇ ಗುಂಡು ಹೋಗಿ ಬೀಳಬೇಕು, ಅಷ್ಟೇ ಅದರ ಕೆಲಸ.

ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಮೊದಲು ಬರೋ ಪ್ರಶ್ನೆ, "ಲೋ, ನೀನು ಯಾವಾಗಿಂದ ಬಂದೂಕು ಹಿಡ್ಕೊಂಡೆ?" ಟೆಕ್ಸಸ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿ ಶನಿವಾರ ಶೂಟಿಂಗ್ ರೇಂಜ್‌ಗೆ ಹೋಗೋದು ನಮ್ಮೂರಲ್ಲಿ ಶಟಲ್ ಆಡೋಕೆ ಹೋದಷ್ಟೇ ಮಾಮೂಲು. ಆದರೂ ವೀಸಾದಲ್ಲಿ ಇರುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಎಚ್‌-1ಬಿ ಥರದ ವೀಸಾ ಇದ್ದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳೋದಕ್ಕೆ ಇಲ್ಲಿನ ಫೆಡರಲ್ ಕಾನೂನಿನಲ್ಲಿ ನಿಷೇಧ ಇದೆ. ಬೇಟೆಯ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ. "ಗೆಳೆಯನ ಗನ್ ಅಲ್ವಾ, ಎರಡು ಗುಂಡು ಹೊಡೆದರೆ ಏನಾಗುತ್ತೆ" ಅಂತ ಹೋಗಿ ಇಮಿಗ್ರೇಷನ್ ತಲೆನೋವು ತಂದುಕೊಳ್ಳಬೇಡಿ. ನಾನು ರೈಫಲ್ ಕೊಂಡಿದ್ದು ಗ್ರೀನ್ ಕಾರ್ಡ್ ಬಂದ ಮೇಲೆ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ನಾನು ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್. "ಟೆಸ್ಟ್ ರನ್ ಮಾಡದೆ ಸೈನ್ ಆಫ್ ಕೊಡಲ್ಲ" ಅಂತ ಮೀಟಿಂಗ್‌ಗಳಲ್ಲಿ ಡೆವಲಪರ್‌ಗಳ ಜೊತೆ ಗುದ್ದಾಡುವ ಜಾತಿ ನಮ್ಮದು. ಮುಂದೆ ಓದುವಾಗ ಇದು ನಿಮ್ಮ ತಲೆಯಲ್ಲಿರಲಿ.

ಹೋದ ವರ್ಷದ ಸೆಪ್ಟೆಂಬರ್. 60 ಡಾಲರ್ ಚಿಲ್ಲರೆಗೆ ಒಂದು ಸ್ಕೋಪ್ ತರಿಸಿದ್ದೆ. ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುತ್ತೆ, ಮುಂದಿನ ಗಾಜು 40 ಮಿಲಿಮೀಟರ್. ಡಬ್ಬದ ಮೇಲೆ ನೀರು ಹೋಗಲ್ಲ, ಮಂಜು ಕಟ್ಟಲ್ಲ, ಪೆಟ್ಟಿಗೆ ಅಲ್ಲಾಡಲ್ಲ, ಜೀವನಪೂರ್ತಿ ವಾರಂಟಿ ಅಂತೆಲ್ಲ ಬರೆದಿತ್ತು. ನನ್ನ .308 ರೈಫಲ್ ಮೇಲೆ ಕೂರಿಸಿ ಆಸ್ಟಿನ್‌ನಿಂದ ಮುಕ್ಕಾಲು ಗಂಟೆ ದೂರದ ರೇಂಜ್‌ಗೆ ಹೋದೆ. ತಗಡಿನ ಸೂರು, ಅದರ ಕೆಳಗೆ ಸಿಮೆಂಟ್ ಬೆಂಚುಗಳ ಸಾಲು, ಎದುರಿಗೆ 100 ಗಜದಲ್ಲಿ ಮಣ್ಣಿನ ದಿಬ್ಬ. ಬೆಳಿಗ್ಗೆ ಹತ್ತಕ್ಕೇ ಬೆಂಚು ಕಾದು ಮೊಣಕೈ ಸುಡುತ್ತಿತ್ತು. ಏಳೆಂಟು ಗುಂಡು ಹೊಡೆದು, ಸ್ಕೋಪಿನ ತಿರುಪು ಅತ್ತ ಇತ್ತ ತಿರುಗಿಸಿ, ಗುಂಡು ನಡುಮಧ್ಯಕ್ಕೆ ಬರೋ ಹಾಗೆ ಮಾಡಿಕೊಂಡೆ. ಇದಕ್ಕೆ ಝೀರೋ ಮಾಡೋದು ಅಂತಾರೆ. ಆಮೇಲೆ ಸಮಾಧಾನವಾಗಿ ಮೂರು ಗುಂಡು ಹೊಡೆದೆ. ಮೂರೂ ತೂತು ಒಂದಕ್ಕೊಂದು ತಾಕಿಕೊಂಡಿದ್ದವು. ಒಂದು ಇಂಚಿಗಿಂತ ಕಡಿಮೆ!

ಫೈರಿಂಗ್ ನಿಲ್ಲಿಸಿ, ಬಂದೂಕೆಲ್ಲ ಖಾಲಿ ಮಾಡಿ ಕೆಳಗಿಟ್ಟು, ಎಲ್ಲರೂ ಟಾರ್ಗೆಟ್ ಕಡೆ ನಡೆಯುವ ಹೊತ್ತು. ನಾನು ನನ್ನ ಕಾಗದದ ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೀತಿದ್ದೆ. ಪಕ್ಕದ ಬೆಂಚಿನ ಮುದುಕರೊಬ್ಬರು ಬಗ್ಗಿ ನೋಡಿ, "ಚೆನ್ನಾಗಿದೆ. ಇನ್ನೂ ಏಳು ಹೊಡಿ, ಆಮೇಲೆ ಫೋಟೋ ತೆಗಿ" ಅಂದರು. ನಾನು ನಕ್ಕು ಸುಮ್ಮನಾದೆ. ಒಂದು ಗುಂಡಿಗೆ ಒಂದು ಡಾಲರ್‌ಗಿಂತ ಜಾಸ್ತಿ ಬೀಳುತ್ತೆ, ಇನ್ನೂ ಏಳು ಯಾಕೆ ಸುಡಲಿ ಅಂತ. ಮನೆಗೆ ಬಂದವನೇ ಫೋಟೋ ಸಮೇತ ಐದು ಸ್ಟಾರ್ ಹಾಕಿ, "600 ಡಾಲರಿನದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ" ಅಂತ ಬರೆದೆ. 600 ಡಾಲರಿನ ಸ್ಕೋಪ್ ಒಂದನ್ನೂ ನಾನು ಅಲ್ಲೀವರೆಗೆ ಮುಟ್ಟಿರಲಿಲ್ಲ ಅನ್ನೋದು ಬೇರೆ ಮಾತು.

ಹಾಸನದ ಕಡೆಯ ಗೆಳೆಯನೊಬ್ಬ ಇಲ್ಲೇ ಅರ್ಧ ಗಂಟೆ ದೂರದಲ್ಲಿದ್ದಾನೆ. ಒಂದು ವಾರ ಬಿಟ್ಟು ಅವನ ಫೋನು. "ಗುರೂ, ನೀನ್ ಚೆನ್ನಾಗಿದೆ ಅಂದಿದ್ಯಲ್ಲ, ನಾನೂ ಅದನ್ನೇ ತರಿಸ್ಕೊಂಡೆ." ಖುಷಿಯಾಯ್ತು ನನಗೆ. ನಮ್ಮ ಮಾತಿಗೆ ಬೆಲೆ ಕೊಡೋರು ಇದಾರೆ ಅಂತ!

ನವೆಂಬರ್‌ನಲ್ಲಿ ಜಿಂಕೆ ಸೀಸನ್ ಶುರುವಾಯ್ತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದು ಬಹುಮಟ್ಟಿಗೆ ಜೈಲಿಗೆ ದಾರಿ. ಇಲ್ಲಿ ಅದು ಲೈಸೆನ್ಸ್, ಟ್ಯಾಗ್, ಲೆಕ್ಕ ಎಲ್ಲ ಇಟ್ಟುಕೊಂಡು ಸರ್ಕಾರವೇ ನಡೆಸುವ ವ್ಯವಹಾರ. ಬೇಟೆಯೇ ತಪ್ಪು ಅನ್ನುವ ಓದುಗರ ಜೊತೆ ನಾನು ಜಗಳಕ್ಕೆ ಬರಲ್ಲ. ಆದರೆ ಹೊಡೆಯೋಕೆ ಹೊರಟವನು ಒಂದೇ ಏಟಿಗೆ, ನೋವಿಲ್ಲದ ಹಾಗೆ ಮುಗಿಸಬೇಕು ಅನ್ನೋದನ್ನು ಬೇಟೆಗಾರರೂ ಒಪ್ತಾರೆ, ನೀವೂ ಒಪ್ತೀರಿ. ಅಷ್ಟು ಸಾಕು.

ಗೆಳೆಯ ಎರಡು ವಾರದ ಹಿಂದೆ ರೇಂಜ್‌ಗೆ ಹೋಗಿ ಸರಿಯಾಗಿಯೇ ಝೀರೋ ಮಾಡಿಕೊಂಡಿದ್ದ. ಪರಿಚಯದವರ ರಾಂಚ್. ಗೇಟಿನಿಂದ ಒಳಗೆ ಕಲ್ಲು ರಸ್ತೆ, ಗಾಡಿ ಕುಣಿದು ಕುಣಿದು ಹೋಗುತ್ತೆ. ಸಂಜೆ ಬೆಳಕು ಇಳಿಯುತ್ತಿದ್ದಾಗ ಒಂದು ಗಂಡು ಜಿಂಕೆ ಬಂತು. 120 ಗಜ ಇರಬಹುದು. ಎಡಕ್ಕೆ ಮುಖ ಮಾಡಿ ನಿಂತಿತ್ತು. ನಾನು ಪಕ್ಕದಲ್ಲಿ ಬೈನಾಕ್ಯುಲರ್ ಹಿಡಿದು ಕೂತಿದ್ದೆ. ಅವನು ಅವಸರ ಮಾಡಲಿಲ್ಲ. ಭುಜದ ಹಿಂದೆ ಗೆರೆ ನಿಲ್ಲಿಸಿ, ಉಸಿರು ಬಿಟ್ಟು, ಕುದುರೆ ಎಳೆದ. ಜಿಂಕೆ ಬೆನ್ನು ಬಾಗಿಸಿ ಒಂದು ಸಲ ಎಗರಿ, ಪೊದೆಯೊಳಗೆ ಹೋಯಿತು. ಹಾಗೆ ಬೆನ್ನು ಬಾಗಿಸಿದರೆ ಹೊಟ್ಟೆಗೆ ಬಿದ್ದಿದೆ ಅಂತ ಅರ್ಥ.

ಟಾರ್ಚ್ ಹಿಡಿದು ಹುಡುಕಿದೆವು. ಅಲ್ಲೊಂದು ಇಲ್ಲೊಂದು ರಕ್ತದ ಹನಿ. ಸುಮಾರು ದೂರ ಹೋದ ಮೇಲೆ ಪಕ್ಕದ ರಾಂಚಿನ ಬೇಲಿ. ಇಲ್ಲಿ ಗಾಯಗೊಂಡ ಪ್ರಾಣಿ ಬೇಲಿ ದಾಟಿದರೂ ಜಾಗದವರ ಒಪ್ಪಿಗೆ ಇಲ್ಲದೆ ನಾವು ದಾಟುವ ಹಾಗಿಲ್ಲ. ಅವರ ಫೋನು ರಾತ್ರಿಯಿಡೀ ಎತ್ತಲಿಲ್ಲ. ಬೇಲಿ ಹತ್ತಿರ ಇಬ್ಬರೂ ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ. ಬೆಳಿಗ್ಗೆ ಒಪ್ಪಿಗೆ ಸಿಕ್ಕಿ ಒಳಗೆ ಹೋದರೆ, ಇನ್ನೂ 300 ಗಜ ಆಚೆ ಸಿಕ್ಕಿತು. ಅಷ್ಟರಲ್ಲಿ ಕಯೋಟಿಗಳು ಬಂದು ಹೋಗಿದ್ದವು. ಬೇಲಿಯಿಂದ ಆ ಜಾಗದ ತನಕ ಮೂರು ಕಡೆ ಹುಲ್ಲು ನೆಲಕ್ಕೆ ಒತ್ತಿಕೊಂಡಿತ್ತು. ಮೂರು ಸಲ ಮಲಗಿ, ಮೂರು ಸಲ ಎದ್ದಿದೆ.

ಗೆಳೆಯ ತನ್ನದೇ ಕೈ ಅಲ್ಲಾಡಿರಬೇಕು ಅಂದುಕೊಂಡಿದ್ದ. ಗಾಡಿಯಲ್ಲಿ ಒಂದು ಕಾಗದದ ಟಾರ್ಗೆಟ್ ಇತ್ತು. ಸ್ಕೋಪ್ ಹಿಡಿದಿಟ್ಟಿದ್ದ ತಿರುಪುಗಳನ್ನು ಮೊದಲು ನೋಡಿದೆವು, ಎಲ್ಲ ಬಿಗಿಯಾಗಿದ್ದವು. 100 ಗಜಕ್ಕೆ ಅವನು ಐದು ಹೊಡೆದ, ನಾನು ಐದು ಹೊಡೆದೆ. ಹತ್ತೂ ತೂತು ಒಟ್ಟಾಗಿ, ಇಡಬೇಕಾದ ಜಾಗಕ್ಕಿಂತ ಆರು ಇಂಚು ಬಲಕ್ಕೆ. ಎಡಕ್ಕೆ ಮುಖ ಮಾಡಿದ ಜಿಂಕೆಗೆ ಆರು ಇಂಚು ಬಲ ಅಂದ್ರೆ ಹೊಟ್ಟೆ.

ಅವನು ನನ್ನನ್ನು ಬೈಯಲಿಲ್ಲ. "ನೀನ್ ಎಷ್ಟ್ ಗುಂಡು ಹೊಡೆದು ನೋಡಿದ್ದೆ ಗುರು?" ಅಂತ ಕೇಳಿದ, ಅಷ್ಟೇ. ಮೂರು ಅಂದೆ.

ಅದಾದ ಮೇಲೆ ನಾನು ಮಾಡಿದ್ದು, ಮೊದಲೇ ಮಾಡಬೇಕಾಗಿದ್ದ ಕೆಲಸ. ನನ್ನ ಹತ್ತಿರ ಇದ್ದ ಅದೇ ಮಾಡೆಲ್ ಸ್ಕೋಪನ್ನು ಕೂತು ಪರೀಕ್ಷೆ ಮಾಡಿದೆ. ಹೇಗೆ ಅಂತ ಬಿಡಿಸಿ ಹೇಳ್ತೀನಿ. ಯಾಕಂದ್ರೆ "ಟೆಸ್ಟ್ ಮಾಡಿದೀನಿ" ಅಂತ ಬರೆಯುವವರಲ್ಲಿ ಹೆಚ್ಚಿನವರು ಮಾಡಿರೋದು ಟೆಸ್ಟ್ ಅಲ್ಲ, ಉದ್ಘಾಟನೆ.

ಮೊದಲು ಸ್ಕೋಪಿನ ತಪ್ಪು ಯಾವುದು, ಬೇರೆಯವರ ತಪ್ಪು ಯಾವುದು ಅಂತ ಬೇರ್ಪಡಿಸಬೇಕು. ಗುಂಡು ಅತ್ತಿತ್ತ ಹೋಗೋಕೆ ಕಾರಣ ರೈಫಲ್ ಇರಬಹುದು, ಗುಂಡು ಇರಬಹುದು, ನಾನೇ ಇರಬಹುದು. ಎಷ್ಟೋ ಸಲ ಬೈಸಿಕೊಳ್ಳೋದು ಸ್ಕೋಪು, ತಪ್ಪು ಮಾತ್ರ ಸಡಿಲ ತಿರುಪಿನದು. ಹಾಗಾಗಿ ಪಕ್ಕದ ಬೆಂಚಿನ ಆ ಮುದುಕರ ಹತ್ತಿರವೇ ಹೋಗಿ, ಅವರ ಹಳೆಯ, ನಂಬಿಕಸ್ತ ಸ್ಕೋಪನ್ನು ಎರವಲು ಕೇಳಿದೆ. ಅದನ್ನು ನನ್ನ ರೈಫಲ್ ಮೇಲೆ ಕೂರಿಸಿ ಹತ್ತು ಗುಂಡು ಹೊಡೆದೆ. ಹತ್ತೂ ಒಂದೂವರೆ ಇಂಚಿನೊಳಗೆ. ಅಂದ್ರೆ ರೈಫಲ್, ಗುಂಡು, ನಾನು, ಮೂವರೂ ಸೇರಿ ಮಾಡೋ ತಪ್ಪು ಇಷ್ಟು. ಇದರ ಮೇಲೆ ಏನೇ ಬಂದರೂ ಅದಕ್ಕೆ ಸ್ಕೋಪೇ ಉತ್ತರ ಹೇಳಬೇಕು.

ಹತ್ತೇ ಯಾಕೆ, ಮೂರು ಯಾಕೆ ಸಾಲದು? ಒಂದು ನಾಣ್ಯ ಮೂರು ಸಲ ಚಿಮ್ಮಿ ಮೂರೂ ಸಲ ರಾಜ ಬಿದ್ದರೆ ಅದು ಮೋಸದ ನಾಣ್ಯ ಅಂತ ಹೇಳೋಕಾಗುತ್ತಾ? ಅದೇ ರೈಫಲ್, ಅದೇ ಕೈ ಇದ್ದರೂ ಹತ್ತು ಗುಂಡಿನ ಗ್ರೂಪು ಮೂರು ಗುಂಡಿನದಕ್ಕಿಂತ ಸರಾಸರಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಅಗಲ ಇರುತ್ತೆ. ಅದು ಬರೀ ಗಣಿತ. ಮೂರು ಗುಂಡಿನ ಫೋಟೋ ಹಾಕುವವರು ಸುಳ್ಳು ಹೇಳ್ತಿಲ್ಲ, ಆದರೆ ಅದೃಷ್ಟವನ್ನು ಅಳತೆ ಅಂತ ತೋರಿಸ್ತಿದಾರೆ. ಮೂರು ಮೂರು ಗುಂಡಿನ ಐದು ಗ್ರೂಪು ಹೊಡೆದು, ಅದರಲ್ಲಿ ಚೆನ್ನಾಗಿರೋ ಒಂದರ ಫೋಟೋ ಹಾಕುವವರು ಮಾತ್ರ ಸುಳ್ಳೇ ಹೇಳ್ತಿದಾರೆ.

ಎರಡನೆಯ ಪರೀಕ್ಷೆಗೆ ಒಂದು ಗುಂಡೂ ಬೇಡ. ಸ್ಕೋಪಿನ ಮೇಲೊಂದು, ಪಕ್ಕದಲ್ಲೊಂದು ತಿರುಪು ಇರುತ್ತೆ, ಟರೆಟ್ ಅಂತಾರೆ. ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ ಒಂದಕ್ಕೆ ಮಿನಿಟ್, ಬಂದೂಕಿನವರ ಭಾಷೆಯಲ್ಲಿ ಎಂಓಎ. 100 ಗಜದಲ್ಲಿ ಅದು 1.047 ಇಂಚು. ನನ್ನ ಸ್ಕೋಪಿನಲ್ಲಿ ಒಂದು ಟಿಕ್ ಅಂದ್ರೆ ಕಾಲು ಎಂಓಎ, ಅಂದಾಜು 0.26 ಇಂಚು. ಹಾಗಾದರೆ 80 ಟಿಕ್‌ಗೆ ಗೆರೆ 20.9 ಇಂಚು ಸರಿಯಬೇಕು. ಸರಿಯುತ್ತಾ?

ಉದ್ದನೆಯ ಕಾಗದ ತಗೊಂಡು, ಗಾರೆ ಕೆಲಸದವರು ಗೋಡೆ ನೇರ ನೋಡೋಕೆ ಬಳಸುವ ತೂಗುಗುಂಡು ಇಳಿಬಿಟ್ಟು, ನೇರ ಗೆರೆ ಎಳೆದೆ. ಟೇಪು ಹಿಡಿದು ಇಂಚಿನ ಗುರುತು ಹಾಕಿ 100 ಗಜದಲ್ಲಿ ನಿಲ್ಲಿಸಿದೆ. ಈ 100 ಗಜವನ್ನೂ ಅಳೆದು ನೋಡಬೇಕು, ರೇಂಜಿನ ಬೋರ್ಡನ್ನು ನಂಬಬಾರದು. ರೈಫಲ್‌ನ ಬೋಲ್ಟ್ ತೆಗೆದು, ಭಾರದ ಕಬ್ಬಿಣದ ಸ್ಟ್ಯಾಂಡಿಗೆ ಅಲ್ಲಾಡದ ಹಾಗೆ ಬಿಗಿದು, ಗೆರೆಯನ್ನು ಮೇಲಿನ ಗುರುತಿಗೆ ಕೂರಿಸಿ ಒಂದೊಂದೇ ಟಿಕ್ ಎಣಿಸುತ್ತಾ ಹೋದೆ. 80 ಟಿಕ್ ಆದಾಗ ಗೆರೆ ಇಳಿದಿದ್ದು 18.7 ಇಂಚು. ಶೇಕಡಾ 10ಕ್ಕಿಂತ ಜಾಸ್ತಿ ಕೊರತೆ. ನೇರ ಇಳಿಯುವ ಬದಲು ಅರ್ಧ ಇಂಚು ಪಕ್ಕಕ್ಕೂ ಜಾರಿತ್ತು.

ಮುಖ್ಯವಾದದ್ದು ಆಮೇಲೆ ಕಂಡಿತು. 80 ಟಿಕ್ ವಾಪಸ್ ತಿರುಗಿಸಿದೆ. ಹೊರಟ ಜಾಗಕ್ಕೇ ಬರಬೇಕಲ್ಲ? ಅರ್ಧ ಇಂಚಿಗಿಂತ ಹೆಚ್ಚು ಹಿಂದೆ ನಿಂತಿತು. ಸ್ಕ್ರೂಡ್ರೈವರ್ ಹಿಡಿಯಿಂದ ಟರೆಟ್ ಮೇಲೆ ಮೆಲ್ಲಗೆ ಒಂದು ತಟ್ಟಿದೆ. ನಾನು ನೋಡ್ತಾ ಇದ್ದ ಹಾಗೇ ಗೆರೆ ಟಕ್ಕಂತ ಜಾಗಕ್ಕೆ ಹಾರಿತು!

ಸ್ಕೋಪಿನ ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತೆ. ಟರೆಟ್ ಅದನ್ನು ಒಂದು ಕಡೆಯಿಂದ ತಳ್ಳುತ್ತೆ, ಎದುರಿನಿಂದ ಸ್ಪ್ರಿಂಗ್ ಒತ್ತಿ ಹಿಡಿಯುತ್ತೆ. ಸ್ಪ್ರಿಂಗ್ ದುರ್ಬಲ ಇದ್ದರೆ, ತಿರುಪು ಸರಿದರೂ ಕೊಳವೆ ಅಂಟಿಕೊಂಡು ನಿಂತಲ್ಲೇ ನಿಲ್ಲುತ್ತೆ. ಆಮೇಲೆ ಗುಂಡಿನ ಪೆಟ್ಟಿಗೋ, ರಸ್ತೆಯ ಕುಲುಕಿಗೋ ತನಗೆ ಬೇಕಾದಾಗ ಸರಿಯುತ್ತೆ. ಗೆಳೆಯನ ಸ್ಕೋಪಿನಲ್ಲೂ ಹೀಗೇ ಆಗಿರಬೇಕು ಅಂತ ನನ್ನ ಊಹೆ. ಅದನ್ನು ಬಿಚ್ಚಿ ನೋಡಿಲ್ಲ, ಹಾಗಾಗಿ ಊಹೆ ಅಂತಲೇ ಹೇಳ್ತೀನಿ.

ಮೂರನೆಯದು, ಝೀರೋ ನಿಲ್ಲುತ್ತಾ ಅನ್ನೋ ಪರೀಕ್ಷೆ. ಹತ್ತು ಗುಂಡು, ಮತ್ತೆ ಹತ್ತು, ಮತ್ತೆ ಹತ್ತು, ಪ್ರತಿ ಸಲ ಹೊಸ ಕಾಗದ. ಟರೆಟ್ ಮುಟ್ಟುವ ಹಾಗಿಲ್ಲ. ನೋಡಬೇಕಾದದ್ದು ಗ್ರೂಪಿನ ಅಗಲ ಅಲ್ಲ, ಅದರ ನಡುಬಿಂದು. ಮೂರನೆಯ ಕಾಗದದಲ್ಲಿ ನಡುಬಿಂದು ಎರಡು ಇಂಚು ಎಡಕ್ಕೆ ಹೋಗಿತ್ತು. ಮುದುಕರ ಸ್ಕೋಪನ್ನು ಮತ್ತೆ ಕೂರಿಸಿ ಇದನ್ನೇ ಮಾಡಿದೆ, ಮೂರೂ ಕಾಗದದಲ್ಲಿ ನಡುಬಿಂದು ಅಲ್ಲಲ್ಲೇ ಇತ್ತು.

ಈ ಎರಡು ಗುಣಗಳನ್ನು ಒಂದೇ ಅಂತ ಎಲ್ಲರೂ ಕಲಸಿಬಿಡ್ತಾರೆ. ಟಿಕ್ ಲೆಕ್ಕ ತಪ್ಪಿದರೆ, ದೂರಕ್ಕೆ ತಕ್ಕ ಹಾಗೆ ಟರೆಟ್ ತಿರುಗಿಸಿ ಹೊಡೆಯುವವರಿಗೆ ತೊಂದರೆ. ಒಂದು ಸಲ ಝೀರೋ ಮಾಡಿ ಮುಚ್ಚಳ ಹಾಕಿ ಮರೆಯುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಝೀರೋ ನಿಲ್ಲದಿದ್ದರೆ ಯಾರಿಗೂ ಪ್ರಯೋಜನ ಇಲ್ಲ.

ನ್ಯಾಯ ಹೇಳಬೇಕಲ್ಲ, ಮಿಕ್ಕ ಪರೀಕ್ಷೆಗಳಲ್ಲಿ ಅದು ಪಾಸಾಯ್ತು. ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಎಲ್ಲಿಂದಲೂ ಗುಳ್ಳೆ ಬರಲಿಲ್ಲ. ಮಧ್ಯಾಹ್ನದ ಬೆಳಕಿನಲ್ಲಿ ಗಾಜು ಚೆನ್ನಾಗಿಯೇ ತೋರಿಸಿತು. ಮುಸ್ಸಂಜೆಯಲ್ಲಿ ಒಂಬತ್ತು ಪಟ್ಟಿಗಿಟ್ಟರೆ ಮಂಕಾಗುತ್ತಿತ್ತು. ಆದರೆ 40 ಮಿಲಿಮೀಟರ್ ಗಾಜನ್ನು 9ರಿಂದ ಭಾಗಿಸಿದರೆ ಕಣ್ಣಿಗೆ ಬರೋ ಬೆಳಕಿನ ಕಂತೆ ನಾಲ್ಕೂವರೆ ಮಿಲಿಮೀಟರ್‌ಗಿಂತ ಕಡಿಮೆ ಅಗಲ. ಅದನ್ನು ಐದು ಪಟ್ಟಿಗೆ ಇಳಿಸಿದರೆ ಎಂಟು ಮಿಲಿಮೀಟರ್ ಆಗುತ್ತೆ. ಎಷ್ಟೋ ಜನ "ಸಂಜೆ ಕತ್ತಲೆ, ಕಳಪೆ ಗಾಜು" ಅಂತ ಬೈಯೋದು ಈ ರಿಂಗ್ ತಿರುಗಿಸೋದು ಗೊತ್ತಿಲ್ಲದೆ.

ಈಗ ಗಾದೆಯವರು ನಗ್ತಿರ್ತಾರೆ. "ನಾವು ಹೇಳಲಿಲ್ವಾ? ಅಗ್ಗದ್ದು ಅಗ್ಗದ್ದೇ. ಚೀನಾ ಮಾಲು!" ತಡೀರಿ ಸ್ವಾಮಿ. ಇದನ್ನು ಹೇಳ್ತಿರುವಾಗ ನಿಮ್ಮ ಕೈಯಲ್ಲಿರೋ ಫೋನು ಎಲ್ಲಿ ಜೋಡಿಸಿದ್ದು ಅಂತ ಒಮ್ಮೆ ನೋಡ್ಕೊಳ್ಳಿ. ಹುಚ್ಚು ಹಿಡಿದ ಮೇಲೆ ನಾನು ಒಂದಕ್ಕೇ ನಿಲ್ಲಿಸಲಿಲ್ಲ. ಹತ್ತಿರ ಹತ್ತಿರ 150 ಡಾಲರಿನ ಇನ್ನೊಂದು ತಂದು ಅದೇ ಸ್ಟ್ಯಾಂಡಿಗೆ, ಅದೇ ಕಾಗದಕ್ಕೆ ಹಚ್ಚಿದೆ. 20.9 ಇಂಚಿಗೆ 20.7 ಇಳಿಯಿತು, ಹೊರಟ ಜಾಗಕ್ಕೇ ವಾಪಸ್ ಬಂತು. ಮೂವತ್ತು ಗುಂಡಿನ ನಂತರವೂ ನಡುಬಿಂದು ಕದಲಲಿಲ್ಲ. ಆಮೇಲೆ ರೇಂಜಿನಲ್ಲಿ ನನ್ನ ಸ್ಕೋಪ್ ಕಂಡು ಮೂಗು ಮುರಿದಿದ್ದ ಒಬ್ಬರ 900 ಡಾಲರಿನದನ್ನೂ ಅವರ ಒಪ್ಪಿಗೆ ತಗೊಂಡು ನೋಡಿದೆ. ಇಳಿದದ್ದು 20.5. ತಿರುಗಿಸಿದಾಗಲೆಲ್ಲ ಶೇಕಡಾ 2ರಷ್ಟು ತಪ್ಪು. ದೊಡ್ಡ ತಪ್ಪೇನಲ್ಲ, ಗೊತ್ತಿದ್ದರೆ ಲೆಕ್ಕ ಹಾಕಿ ಸರಿಮಾಡಿಕೊಳ್ಳಬಹುದು. ಆದರೆ ನಾಲ್ಕು ವರ್ಷದಿಂದ ಅದನ್ನು ಇಟ್ಟುಕೊಂಡಿದ್ದವರಿಗೆ ಅದು ಗೊತ್ತೇ ಇರಲಿಲ್ಲ. 900 ಡಾಲರ್ ಕೊಟ್ಟ ಮೇಲೆ ಅಳೆದು ನೋಡೋದು ಅವಮಾನ ಅನ್ನಿಸಿತ್ತೇನೋ!

ನನ್ನ ಜಗಳ ಇಲ್ಲೇ. ದುಬಾರಿ ಮಾಲಿನ ಬೆಲೆಯಲ್ಲಿ ಒಳ್ಳೆ ಗಾಜು, ಒಳ್ಳೆ ಸ್ಪ್ರಿಂಗ್ ಎಲ್ಲ ಇರುತ್ತೆ, ಸರಿ. ಅದರ ಜೊತೆ ಕಾರ್ಖಾನೆಯಲ್ಲಿ ಒಂದೊಂದನ್ನೂ ಎತ್ತಿ ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕಿಡುವವರ ಸಂಬಳವೂ ಇರುತ್ತೆ. ಬೆಲೆ ಇಳಿಸಬೇಕು ಅಂದಾಗ ಮೊದಲು ಕತ್ತರಿ ಬೀಳೋದು ಆ ಸಂಬಳಕ್ಕೆ. ನಮ್ಮ ಆಫೀಸುಗಳಲ್ಲಿ ನೋಡಿಲ್ವಾ, ಬಜೆಟ್ ಕಮ್ಮಿ ಆದ ತಕ್ಷಣ ಮೊದಲು ಹೋಗೋದು ಟೆಸ್ಟಿಂಗ್ ಟೀಮು. ಹಾಗಂತ ಪ್ರಾಡಕ್ಟ್ ಕೆಟ್ಟದ್ದೇ ಇರುತ್ತೆ ಅಂತಲ್ಲ. ಒಂದು ಚೆನ್ನಾಗಿರುತ್ತೆ, ಒಂದು ಇರಲ್ಲ, ಯಾವುದು ಯಾವುದು ಅಂತ ಯಾರೂ ನೋಡಿರಲ್ಲ. ನೋಡೋ ಕೆಲಸ ಕೊಂಡವನ ತಲೆ ಮೇಲೆ ಬೀಳುತ್ತೆ. 60 ಡಾಲರ್ ಕೊಟ್ಟಾಗ ನಾನು ಸ್ಕೋಪ್ ಮಾತ್ರ ಕೊಂಡಿಲ್ಲ, ಸಂಬಳವಿಲ್ಲದ ಟೆಸ್ಟರ್ ಕೆಲಸಕ್ಕೂ ಸೇರಿಕೊಂಡಿದೀನಿ. ಆ ಕೆಲಸ ಮಾಡದೆ ಐದು ಸ್ಟಾರ್ ಹಾಕಿದ್ದು ಟೆಸ್ಟ್ ರನ್ ಮಾಡದೆ ಕೊಟ್ಟ ಸೈನ್ ಆಫ್. ಆಫೀಸಿನಲ್ಲಿ ಇನ್ನೊಬ್ಬರು ಹೀಗೆ ಮಾಡಿದ್ದರೆ ಮೇಲಿನವರಿಗೆ ಮೇಲ್ ಹಾಕ್ತಿದ್ದೆ.

"ಹೆಚ್ಚಿನವರು ಕಾಗದಕ್ಕೆ ತಾನೇ ಹೊಡೆಯೋದು, ಇಷ್ಟೆಲ್ಲಾ ಯಾಕೆ?" ಅಂತ ಕೇಳಬಹುದು. ಕಾಗದಕ್ಕಾದರೆ ಬೇಡ. ಆ 60 ಡಾಲರಿನ ಸ್ಕೋಪು ಈಗ ನನ್ನ .22 ರೈಫಲ್ ಮೇಲಿದೆ. .22ರಲ್ಲಿ ಹಿಂದಕ್ಕೆ ಒದೆಯುವ ಪೆಟ್ಟು ಇಲ್ಲ ಅನ್ನುವಷ್ಟು ಕಡಿಮೆ. 50 ಗಜಕ್ಕೆ ಝೀರೋ ಮಾಡಿ ಮುಚ್ಚಳ ಹಾಕಿಟ್ಟಿದೀನಿ, ತಿಂಗಳುಗಟ್ಟಲೆಯಿಂದ ಕದಲಿಲ್ಲ. ಡಬ್ಬಿಗೆ ಗುರಿಯಿಟ್ಟು ಹೊಡೆಯೋಕೆ ಅದಕ್ಕಿಂತ ಹೆಚ್ಚಿಗೆ ಏನೂ ಬೇಡ. ಹಾಗಿದ್ದರೆ ಬರೆಯುವಾಗ ಅದನ್ನೇ ಬರೀಬೇಕು. ".22ರ ಮೇಲೆ, 50 ಗಜಕ್ಕೆ, ಇಷ್ಟು ಗುಂಡು ಹೊಡೆದಿದೀನಿ, ನಿಂತಿದೆ. .308ರ ಮೇಲೆ ನಿಲ್ಲಲಿಲ್ಲ." ಇದನ್ನು ಓದಿದವನು ತನಗೆ ಏನು ಬೇಕೋ ತಾನೇ ತೀರ್ಮಾನ ಮಾಡ್ತಾನೆ. "ಸೂಪರ್" ಅಂತ ಓದಿದವನು ನಿಮ್ಮ ತೀರ್ಮಾನ ಎತ್ಕೊಂಡು ಕಾಡಿಗೆ ಹೋಗ್ತಾನೆ.

"ನೀನು ನೋಡಿದ್ದು ಒಂದೇ ಒಂದು ಪೀಸು, ಅದರಿಂದ ಎಲ್ಲದಕ್ಕೂ ಹೇಗೆ ಹೇಳ್ತೀಯಾ?" ಅನ್ನೋದು ಒಳ್ಳೆ ಪ್ರಶ್ನೆ. ಹೇಳಲ್ಲ. ನಿಮಗೆ ಬಂದ ಪೀಸು ಚೆನ್ನಾಗಿರಬಹುದು. ಅದಕ್ಕೇ ನನ್ನ ಮಾತನ್ನೂ ನಂಬಬೇಡಿ, ನಿಮ್ಮದನ್ನು ನೀವು ನೋಡ್ಕೊಳ್ಳಿ ಅಂತಿರೋದು. ಇನ್ನು "ವಾರಂಟಿ ಇದೆಯಲ್ಲ" ಅನ್ನುವವರು. ಇದೆ, ಗೆಳೆಯನಿಗೆ ಹತ್ತೇ ದಿನಕ್ಕೆ ಹೊಸ ಸ್ಕೋಪ್ ಬಂತು. ಒಂದು ಪ್ರಶ್ನೆ ಕೇಳಲಿಲ್ಲ. ವಾರಂಟಿ ಸ್ಕೋಪಿಗೆ ಇರೋದು, ಹುಲ್ಲಿನಲ್ಲಿ ಮೂರು ಸಲ ಮಲಗಿ ಎದ್ದ ಜಿಂಕೆಗೆ ಯಾರೂ ವಾರಂಟಿ ಬರೆದುಕೊಟ್ಟಿರಲಿಲ್ಲ.

ದುಡ್ಡಿನ ಲೆಕ್ಕ ನನಗೂ ಗೊತ್ತು. ನಲವತ್ತು ಗುಂಡು ಸುಟ್ಟರೆ ಸ್ಕೋಪಿನ ಬೆಲೆಯೇ ಇನ್ನೊಂದು ಸಲ ಕೊಟ್ಟ ಹಾಗೆ. ಅದಕ್ಕೇ ಯಾರೂ ಮಾಡಲ್ಲ. ಆದರೆ ನನ್ನ ಸ್ಕೋಪಿನ ರೋಗ ಮೊದಲು ಬಯಲಾಗಿದ್ದು ಗುಂಡಿಲ್ಲದ ಪರೀಕ್ಷೆಯಲ್ಲಿ. ಒಂದು ಕಾಗದ, ಒಂದು ತೂಗುಗುಂಡು, ಒಂದು ಟೇಪು, ಅರ್ಧ ದಿನ. ಅರ್ಧ ದಿನ ಇಲ್ಲ ಅನ್ನುವವರು ಸ್ಟಾರ್ ಒತ್ತೋದನ್ನೂ ಬಿಡಲಿ.

ತೀರ್ಥಹಳ್ಳಿ ಹತ್ತಿರ ನಮ್ಮಜ್ಜನ ಮನೆಯಲ್ಲಿ ಬೆಳೆ ಕಾಯೋಕೆ ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಕೋವಿ ಇತ್ತು. ಸ್ಕೋಪಿಲ್ಲ ಪಾಪಿಲ್ಲ, ನಳಿಗೆ ತುದಿಯಲ್ಲಿ ಒಂದು ಗುಂಡುಮಣಿ. ಪೇಟೆಯಿಂದ ಹೊಸ ತೋಟೆ ತಂದಾಗಲೆಲ್ಲ ಅಜ್ಜ ತೋಟದ ಅಂಚಿನ ಧರೆಗೆ ಒಂದು ಅಡಿಕೆ ಹಾಳೆ ಕಟ್ಟಿ, ಹೆಜ್ಜೆ ಎಣಿಸಿಕೊಂಡು ಹಿಂದೆ ಬಂದು, ಒಂದು ಹೊಡೀತಿದ್ದರು. ಆಮೇಲೆ ಹತ್ತಿರ ಹೋಗಿ ಚರೆ ಬಿದ್ದ ತೂತುಗಳನ್ನು ಬೆರಳಿಟ್ಟು ಎಣಿಸೋರು. ತೋಟೆ ತುಟ್ಟಿ ಇದ್ದ ಕಾಲ ಅದು, ಒಂದೊಂದನ್ನೂ ಲೆಕ್ಕ ಇಟ್ಟು ಬಳಸೋರು. "ಸುಮ್ನೆ ಒಂದು ಹಾಳು ಮಾಡ್ತೀರಲ್ಲ ಅಜ್ಜ, ಅಂಗಡಿಯವ್ರು ಒಳ್ಳೇದು ಅಂದಿಲ್ವಾ?" ಅಂತ ನಾನು ಕೇಳಿದ್ದೆ. "ಅಂಗಡಿಯವ ಅಂದಿದಾನೆ. ಹಾಳೆ ಏನ್ ಅಂತದೆ ನೋಡನ ತಡಿ" ಅಂದಿದ್ದರು.

ಅಜ್ಜನ ಕಾಲಕ್ಕೆ ಸ್ಟಾರ್ ಇರಲಿಲ್ಲ. ನವರಾತ್ರಿಯಲ್ಲಿ ಕೋವಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡೋರು, ಅದಕ್ಕೆ ಮುಂಚೆ ಹಾಳೆ ಕಟ್ಟೋರು. ನಾನು ಪೂಜೆಯನ್ನು ಮಾತ್ರ ಕಲಿತು ಬಂದಿದ್ದೆ.

ಹಳೇ ಐದು ಸ್ಟಾರನ್ನು ತೆಗೆದು, ಮೇಲಿನ ಅಂಕಿಗಳನ್ನು ಹಾಗ್ಹಾಗೇ ಬರೆದಿದೀನಿ. ಯಾರೂ ಓದಿದ ಹಾಗೆ ಕಾಣಲ್ಲ. ಮೇಲಿನ ಸಾಲುಗಳಲ್ಲಿ ಇನ್ನೂ ನಾಣ್ಯ ಇಟ್ಟ ಮೂರು ತೂತಿನ ಫೋಟೋಗಳೇ ಕೂತಿವೆ.

ಮೊನ್ನೆ ಗೆಳೆಯ ಮತ್ತೆ ಫೋನ್ ಮಾಡಿದ್ದ. ಈ ಸಲದ ಸೀಸನ್‌ಗೆ ಯಾವ ಸ್ಕೋಪ್ ತಗೊಳ್ಳಲಿ ಗುರು, ನೀನೇ ಹೇಳು ಅಂದ. ಯಾವುದಾದರೂ ತಗೋ, ಶನಿವಾರ ಬೆಳಿಗ್ಗೆ ನಲವತ್ತು ಗುಂಡು ತಗೊಂಡು ರೇಂಜ್‌ಗೆ ಬಾ, ಕಾಗದ ಮತ್ತೆ ತೂಗುಗುಂಡು ನಾನು ತರ್ತೀನಿ ಅಂದೆ.